ಕೈರಿ ಫೋನಿನ ಏಕೈಕ ಗಿರಾಕಿ

ಚಾರುಲತಾಳ ಗಂಡ ಪ್ರೀತಮ್ ವಾಯುಸೇನೆಯವನು. ಊರೆಲ್ಲ ಕೊಳ್ಳುವ ಸಾಮಾನನ್ನು ತಾನು ಕೊಳ್ಳಬಾರದೆಂಬುದು ಅವನ ಒಂದು ವ್ರತ. ಬಂಧುಬಳಗವೆಲ್ಲ ಬಿಳಿ ಕಾರು ಕೊಂಡ ಕಾಲಕ್ಕೆ ಅವನು ಬದನೆಕಾಯಿ ಬಣ್ಣದ್ದನ್ನು ತಂದು ನಿಲ್ಲಿಸಿದ್ದ. ನಾಗಪುರಕ್ಕೆ ವರ್ಗವಾಗಿ ಮನೀಶ್ ನಗರದಲ್ಲಿ ಮನೆ ಹಿಡಿದ ಮೇಲೆ ಒಂದು ಸಂಜೆ ಎರಡು ಕೈರಿ ಫೋನು ಹಿಡಿದುಕೊಂಡು ಬಂದ. ಒಂದು ತನಗೆ, ಇನ್ನೊಂದು ಹೆಂಡತಿಗೆ.

ಕೈರಿ ಎಂದರೆ ಮರಾಠಿಯಲ್ಲಿ ಮಾವಿನಕಾಯಿ. ಪುಣೆಯ ಸಣ್ಣ ಕಂಪನಿಯೊಂದು ದೊಡ್ಡವರ ಹಂಗು ಬೇಡವೆಂದು ತನ್ನದೇ ತಂತ್ರಾಂಶ ಬರೆದು ಮಾಡಿದ ಫೋನು ಅದು. ಬೆನ್ನ ಮೇಲೆ ಹಸಿರು ಮಾವಿನಕಾಯಿಯ ಗುರುತು. ಒಳಗಿನ ಆಪ್ ಅಂಗಡಿಗೆ ‘ಅಮರಾಯಿ’ ಎಂದು ಹೆಸರು, ಮಾವಿನ ತೋಪು. ತೋಪೇನೋ ವಿಶಾಲವಾಗಿತ್ತು, ಗಿಡಗಳು ಕಡಿಮೆ. ಟಾರ್ಚ್ ಬೇಕೆಂದರೆ ಒಂಬತ್ತು ಬಗೆಯವು ಸಿಗುತ್ತಿದ್ದವು. ಬ್ಯಾಂಕಿನ ಆಪ್ ಬೇಕೆಂದರೆ ಜಲ್ದಿ ಬರಲಿದೆ ಎಂಬ ಭರವಸೆ ಸಿಗುತ್ತಿತ್ತು. ಆಟೋ ಕರೆಯಬೇಕಾದರೆ ರಸ್ತೆಗೆ ಹೋಗಿ ಕೈ ತೋರಿಸಬೇಕು.

"ನೋಡು, ಎಷ್ಟು ಶಾಂತವಾಗಿದೆ," ಎಂದ ಪ್ರೀತಮ್.

"ಸ್ಮಶಾನಾನೂ ಶಾಂತವಾಗೇ ಇರುತ್ತೆ," ಎಂದಳು ಚಾರುಲತಾ.

ಮದುವೆಗೆ ಮುಂಚೆ ಅವಳು ಮೈಸೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದವಳು. ಗಂಡನ ವರ್ಗಾವಣೆಗಳ ಹಿಂದೆ ಸುತ್ತುತ್ತ ಕೆಲಸ ಬಿಟ್ಟಿದ್ದಳು, ಕೈಯ ತುರಿಕೆ ಮಾತ್ರ ಬಿಟ್ಟಿರಲಿಲ್ಲ. ಮಗಳು ಲಾಸ್ಯ ಮೂರನೇ ಇಯತ್ತೆಯಲ್ಲಿದ್ದಳು. ಮರಾಠಿ, ಹಿಂದಿಯನ್ನು ನೀರು ಕುಡಿದಂತೆ ಓದುವ ಹುಡುಗಿ, ಅಜ್ಜಿ ಕಳಿಸಿದ ಕನ್ನಡದ ಪುಸ್ತಕ ಮುಂದಿಟ್ಟರೆ, "ಮಮ್ಮಾ, ಯೇ ತೋ ಸಬ್ ಜಲೇಬಿ ಹೈ," ಎಂದು ದೂರ ತಳ್ಳುತ್ತಿದ್ದಳು. ಅವಳಿಗೆ ಅಕ್ಷರ ಕಲಿಸುವುದೇನಾದರೂ ಇದೆಯೇ ಎಂದು ಚಾರುಲತಾ ಅಮರಾಯಿಯಲ್ಲಿ ಹುಡುಕಿದಳು. ಕನ್ನಡ ಎಂದು ಬರೆದು ಒತ್ತಿದರೆ ಹತ್ತನೆಯ ಟಾರ್ಚ್ ಒಂದು ಬಂತು.

ಹಾಗಾಗಿ ತಾನೇ ಮಾಡಿದಳು. ಹೆಸರು ‘ಅಂಗಳ’. ಮರಾಠಿ ಓದಬಲ್ಲ ಮಕ್ಕಳಿಗೆ ಕನ್ನಡ ಕಲಿಸುವ ಆಪ್. ಒಂದೊಂದು ಕನ್ನಡ ಅಕ್ಷರದ ಪಕ್ಕ ಅದರ ಮರಾಠಿ ಅಕ್ಷರ, ಕೆಳಗೊಂದು ಚಿತ್ರ, ಚಾರುಲತಾಳದೇ ದನಿ. ಮಗು ಸರಿಯಾಗಿ ಗುರುತಿಸಿದರೆ ಬಾತುಕೋಳಿಯೊಂದು ರೆಕ್ಕೆ ಬಡಿದು ಕ್ವಾಕ್ ಕ್ವಾಕ್ ಎನ್ನುತ್ತಿತ್ತು. ಲಾಸ್ಯಳಿಗೆ ಅಕ್ಷರಕ್ಕಿಂತ ಬಾತುಕೋಳಿ ಹಿಡಿಸಿತು. ಬಾತುಕೋಳಿಯ ಆಸೆಗೆ ಅಕ್ಷರವೂ ಬಂತು.

ಇಷ್ಟು ಚೆನ್ನಾಗಿ ಆದದ್ದು ನಾಲ್ಕು ಜನಕ್ಕೆ ಮುಟ್ಟಲಿ ಎಂದು ಅವಳು ಕನ್ನಡ ಸಂಘದ ಯುಗಾದಿ ಕೂಟದಲ್ಲಿ ಎದ್ದು ನಿಂತು ಹೇಳಿದಳು. ವೇದಿಕೆಯ ಮೇಲೆ ಅಧ್ಯಕ್ಷ ಹೊನ್ನಪ್ಪನವರು ಕೂತಿದ್ದರು, ಪಕ್ಕದಲ್ಲಿ ಕಾರ್ಯದರ್ಶಿ ನಂದೀಶ. ಎಲ್ಲರೂ ಭಾಳ ಛಲೋ ಎಂದರು. ಫೋನು ತೆಗೆಯಲು ಕೈಗಳು ಜೇಬಿಗೆ ಹೋದವು.

"ನಮ್ಮ ಫೋನಿಗೆ ಬರತೈತೇನ್ರಿ?" ಎಂದು ಕೇಳಿದ ನಂದೀಶ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ನಗೆಮೊಗದ ಮನುಷ್ಯ.

"ಸದ್ಯಕ್ಕೆ ಕೈರಿಗೆ ಮಾತ್ರ."

"ಹಂಗಾರ ಹಣ್ಣಾದ ಮ್ಯಾಲೆ ಹೇಳ್ರಿ."

ಸಭೆ ನಕ್ಕಿತು. ಜೇಬಿಗೆ ಹೋದ ಕೈಗಳು ಹಾಗೇ ಹೊರಬಂದು ಹೋಳಿಗೆಯ ಕಡೆ ಹೋದವು. ಹೊನ್ನಪ್ಪನವರು ಮಾತ್ರ ನಗದೆ ಮುಂದಿನ ವಿಷಯಕ್ಕೆ ಹೋದರು.

ಮೊದಮೊದಲು ಅಂಗಳ ಪುಕ್ಕಟೆಯಾಗಿತ್ತು. ಹದಿನಾರು ಮಂದಿ ಇಳಿಸಿಕೊಂಡರು. ಅವರಲ್ಲಿ ಕೆಲವರಾದರೂ ಟಾರ್ಚ್ ಹುಡುಕುತ್ತ ಬಂದವರೇ ಇರಬೇಕೆಂದು ಪ್ರೀತಮ್‌ನ ಅಂದಾಜು. ಪುಕ್ಕಟೆ ಕೊಟ್ಟರೆ ಬೆಲೆ ಇಲ್ಲ, ಜಾಹೀರಾತು ಹಾಕು ಎಂದೂ ಅವನೇ ಸೂಚಿಸಿದ. ಹಾಕಿದಳು. ಆ ವಾರ ಪ್ರೀತಮ್‌ನ ಮೇಲಧಿಕಾರಿ ಅಪ್ಪಚ್ಚು ಹೆಂಡತಿಯೊಡನೆ ಊಟಕ್ಕೆ ಬಂದಿದ್ದರು. ಲಾಸ್ಯ ಅತಿಥಿಗಳಿಗೆ ತನ್ನ ಪ್ರತಾಪ ತೋರಿಸಲು ಫೋನು ತಂದಳು. ಬಾಳೆಹಣ್ಣಿನ ‘ಬ’ ಓದಿದಳು. ಬಾತುಕೋಳಿ ಕೂಗಿತು. ಅದರ ಕೆಳಗೆ ಹಿಂದಿಯಲ್ಲಿ ಹೊಳೆಯುತ್ತಿದ್ದ ಜಾಹೀರಾತನ್ನೂ ಅಷ್ಟೇ ಗಟ್ಟಿಯಾಗಿ ಓದಿ, "ಮಮ್ಮಾ, ಬವಾಸೀರ್ ಅಂದ್ರೆ ಏನು?" ಎಂದಳು.

ಮೂಲವ್ಯಾಧಿಯ ಹಿಂದಿ ಹೆಸರು ಮಗುವಿಗೆ ತಿಳಿಯದೆಂಬುದೊಂದು ಸಮಾಧಾನ, ಆದರೆ ಊಟದ ಮೇಜಿಗೆ ಆ ಸಮಾಧಾನ ಸಾಲಲಿಲ್ಲ. ಅಪ್ಪಚ್ಚು ಗಂಭೀರವಾಗಿ, "ಅದು ಕೂತು ಕೆಲಸ ಮಾಡೋರಿಗೆ ಸಿಗೋ ಪ್ರಮೋಷನ್ನು, ಮಗು," ಎಂದು ಪಲ್ಯ ಬಡಿಸಿಕೊಂಡರು. ಅತಿಥಿಗಳು ಹೊರಟ ಮೇಲೆ ಚಾರುಲತಾ ಕೈ ತೊಳೆಯುವ ಮುಂಚೆಯೇ ಜಾಹೀರಾತು ತೆಗೆದಳು.

ಉಳಿದದ್ದು ಬೆಲೆ ಕಟ್ಟುವುದು. ತಿಂಗಳ ಚಂದಾ ಇಡಬಹುದಿತ್ತು, ಆದರೆ ಅಕ್ಷರಕ್ಕೆ ಬಾಡಿಗೆ ವಸೂಲು ಮಾಡುವುದು ಅವಳಿಗೆ ಒಗ್ಗಲಿಲ್ಲ. ಕೊನೆಗೆ, ಸ್ವರಗಳು ಪುಕ್ಕಟೆ, ವ್ಯಂಜನಕ್ಕೆ ಒಂದೇ ಸಲ ತೊಂಬತ್ತೊಂಬತ್ತು ರೂಪಾಯಿ, ಕೊಂಡವರಿಗೆ ಜೀವನಪೂರ್ತಿ ಹೊಸ ಪಾಠಗಳು ಎಂದು ಬರೆದು ಹಾಕಿದಳು. ಪರಿಣಾಮವಾಗಿ ಹದಿನಾರು ಮಂದಿಯೂ ‘ಅಃ’ ತನಕ ಬಂದು ಅಲ್ಲೇ ನಿಂತರು. ‘ಕ’ದ ಹೊಸ್ತಿಲು ದಾಟಲು ಯಾರಿಗೂ ಮನಸ್ಸಾಗಲಿಲ್ಲ.

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ವಾರ ಒಬ್ಬರು ದಾಟಿದರು. ಅಮರಾಯಿಯಿಂದ ಅಭಿನಂದನೆ ಬಂದ ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ಆಪ್ ಮಾಡಿದವರ ನಂಬರನ್ನು ಕೆಳಗೆ ಹಾಕಲೇಬೇಕೆಂಬುದು ಕೈರಿ ಕಂಪನಿಯ ನಿಯಮ.

"ನಾ ಹೊನ್ನಪ್ಪ ಮಾತಾಡಾಕತ್ತೀನ್ರಿ, ಸದರ್ ಏರಿಯಾದಿಂದ."

"ಓ, ಅಧ್ಯಕ್ಷರು. ನಮಸ್ಕಾರ ಸರ್."

"ಅಧ್ಯಕ್ಷ ಅಂತ ಫೋನ್ ಮಾಡಿಲ್ಲ. ನಿಮ್ಮ ಗಿರಾಕಿ ಅಂತ ಮಾಡೀನಿ. ನಿಮ್ಮ ಅಂಗಳ ಖರೀದಿ ಮಾಡೀನ್ರಿ, ನಮ್ಮ ಮೊಮ್ಮಗಗ. ಗುರು ಅಂತ ಹೆಸರು. ಭಾಳ ಶಾಣ್ಯಾ ಅದಾನ."

ಚಾರುಲತಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎದುರಿಗಿದ್ದ ಪ್ರೀತಮ್‌ಗೆ ಕಣ್ಣಲ್ಲೇ ಸಾರಿದಳು. ಅಷ್ಟರಲ್ಲಿ ಹೊನ್ನಪ್ಪನವರು, "ಒಂದ ಸಣ್ಣ ತಕರಾರ ಐತಿ," ಎಂದರು.

ತಕರಾರು ಕ ಅಕ್ಷರದ್ದು. ಕೆಳಗೆ ‘ಕತ್ತಿ’ ಎಂದು ಬರೆದು ಚಾರುಲತಾ ಹೊಳೆಯುವ ಖಡ್ಗವೊಂದನ್ನು ಬಿಡಿಸಿದ್ದಳು.

"ಕತ್ತಿಗೆ ನಾಕ ಕಾಲ ಇರತಾವ್ರಿ ಮೇಡಂ. ಬಾಲಾನೂ ಇರತೈತಿ."

"ಅದು ಕತ್ತೆ ಸರ್."

"ನಿಮ್ಮ ಕಡೆ ಕತ್ತೆ. ನಮ್ಮ ಕಡೆ ಅದs ಕತ್ತಿ. ಹುಡುಗ ಏನಂತ ತಿಳಕೋಬೇಕು? ನಾಳೆ ಯಾರರ ಕತ್ತಿ ಹಿಡಕೊಂಡ ಬಂದ ಅಂದ್ರ, ಹುಲ್ಲ ಹಾಕಾಕ ಹೋದಾನು."

ಅವಳು ಕತ್ತಿ ತೆಗೆದು ಕಮಲ ಹಾಕಿದಳು. ಮರುವಾರ ‘ರ’ ಬಂತು. ರೊಟ್ಟಿಯ ಚಿತ್ರ ದಪ್ಪಗಿದೆ, ಅದು ಅಕ್ಕಿರೊಟ್ಟಿ, ರೊಟ್ಟಿ ಅಂದರೆ ಜೋಳದ್ದು, ಬೆಳದಿಂಗಳಿನಂತೆ ತೆಳ್ಳಗಿರಬೇಕು. ಅದನ್ನೂ ತೆಳ್ಳಗೆ ಮಾಡಿದಳು. ಆಮೇಲೆ ದೊಡ್ಡ ಆಕ್ಷೇಪಣೆ ಬಂತು. "ನಿಮ್ಮ ಆಪಿನ್ಯಾಗ ‘ಇದೆ’ ಐತಿ, ‘ಐತಿ’ ಇಲ್ಲ." ಬೆಳಗಾಂವದಿಂದ ಕಲಬುರ್ಗಿ ತನಕ ಇರುವ ಅಷ್ಟೂ ಜನಕ್ಕೆ ಅನ್ಯಾಯವಾಗಿದೆ ಎಂಬ ಧಾಟಿ ಅದು. ಚಾರುಲತಾ ಇದೆಯ ಪಕ್ಕ ಐತಿಯನ್ನೂ ಕೂಡಿಸಿದಳು. ಒಂದು ಮುಂಜಾನೆ ಮಾತ್ರ ಅವರು ದನಿ ತಗ್ಗಿಸಿ, "ಆ ಬಾತುಕೋಳಿ ಬಾಯಿ ಮುಚ್ಚಸ್ರಿ, ಜಲ್ದಿ. ಮನ್ಯಾಗ ಗದ್ದಲ ಆಗೇತಿ," ಎಂದರು. ಅವಳು ಸದ್ದು ನಿಲ್ಲಿಸುವ ಗುಂಡಿಯೊಂದನ್ನು ಇಟ್ಟುಕೊಟ್ಟಳು.

"ನಿನ್ನ ಕಂಪನಿಗೆ ಒಬ್ಬ ಗಿರಾಕಿ," ಎಂದ ಪ್ರೀತಮ್, "ಅವರು ಮಾಲೀಕರೂ ಹೌದು ಅಂತ ಕಾಣುತ್ತೆ."

"ದುಡ್ಡು ಕೊಟ್ಟಿದ್ದಾರಲ್ಲ."

"ಮಿಕ್ಸಿ ಕೊಂಡೋರೂ ಇಷ್ಟು ಗ್ಯಾರಂಟಿ ಕೇಳಲ್ಲ."

ಗುರುವಿನ ಬಗ್ಗೆ ಅವಳಿಗೆ ಹೆಮ್ಮೆಯೇ ಇತ್ತು. ಎಂಥ ಸೂಕ್ಷ್ಮದ ಹುಡುಗ. ‘ಘ’ವೂ ‘ಫ’ವೂ ಒಂದೇ ಥರ ಕಾಣುತ್ತವೆ, ಅಕ್ಷರ ದೊಡ್ಡದು ಮಾಡಬೇಕಂತೆ. ‘ಒತ್ತಕ್ಷರ’ದ ಪಾಠ ಯಾವಾಗ ಬರುತ್ತದೆಂದು ದಿನಾ ಕೇಳುತ್ತಾನಂತೆ. ಲಾಸ್ಯ ಒತ್ತಕ್ಷರದ ಹೆಸರೆತ್ತಿದರೆ ಸೈಕಲ್ ತೆಗೆದುಕೊಂಡು ಮಾಯವಾಗುತ್ತಿದ್ದಳು.

ಅಷ್ಟರಲ್ಲಿ ಕೈರಿ ಕಂಪನಿ ಹೊಸ ನಿಯಮ ತಂದಿತು. ಅಮರಾಯಿಯಲ್ಲಿ ಆಪ್ ಇಡುವವರು ಇನ್ನು ಮುಂದೆ ವರ್ಷಕ್ಕೊಂದು ಶುಲ್ಕ ಕಟ್ಟಬೇಕು, ಕಟ್ಟದ ಆಪು ಗಣೇಶ ಚೌತಿಯ ನಂತರ ತೆಗೆದುಹಾಕಲ್ಪಡುತ್ತದೆ. ಆ ಶುಲ್ಕದ ಮುಂದೆ ಅಂಗಳದ ಇಡೀ ಗಳಿಕೆ, ಅಂದರೆ ಕಂಪನಿಯ ಪಾಲು ಕಳೆದ ಹೊನ್ನಪ್ಪನವರ ತೊಂಬತ್ತೊಂಬತ್ತು, ಒಂದು ಪ್ಲೇಟು ತರ್ರಿ ಪೋಹೆಯೆಂಬ ಖಾರದ ಅವಲಕ್ಕಿ ಮತ್ತು ಚಹಾದ ಮಟ್ಟದ್ದು. ಟಾರ್ಚುಗಳೇ ಒಂದೊಂದಾಗಿ ಆರತೊಡಗಿದವು. ಚಾರುಲತಾ ಎರಡು ದಿನ ಯೋಚಿಸಿ, ಅಂಗಳ ಮುಚ್ಚುವುದೇ ಸರಿ ಎಂದುಕೊಂಡಳು. ಲಾಸ್ಯ ಹೇಗೂ ಕಲಿತಾಗಿದೆ. ಇರುವ ಒಬ್ಬ ಗಿರಾಕಿಗೆ ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲ, ಮನೆಗೇ ಹೋಗಿ ಹಣ ಮರಳಿಸಿ ಗುರುವಿಗೊಂದು ಚಿತ್ರದ ಪುಸ್ತಕ ಕೊಟ್ಟು ಬರುವುದೆಂದು ಒಂದು ಶನಿವಾರ ಮಧ್ಯಾಹ್ನ ಸದರ್‌ಗೆ ಹೊರಟಳು.

ಚರ್ಚಿನ ಹಿಂದಿನ ಓಣಿಯಲ್ಲಿ ಹಳೆಯ ಕಟ್ಟಡದ ಎರಡನೇ ಮಹಡಿ. ಹೊನ್ನಪ್ಪನವರ ಹೆಂಡತಿ ತುಂಗಾ ಬಾಗಿಲು ತೆರೆದರು. ತೆಳ್ಳನೆಯ, ಚುರುಕುಗಣ್ಣಿನ ಹೆಂಗಸು.

"ಬರ್ರಿ ಬರ್ರಿ. ಇವರು ಬಜಾರಕ್ಕ ಹೋಗ್ಯಾರ, ಬರೂ ಹೊತ್ತಾತು. ಕೂಡ್ರಿ, ಶೇಂಗಾದ ಉಂಡಿ ಮಾಡೀನಿ."

ಚಾರುಲತಾ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ಗುರು ಕಾಣಲಿಲ್ಲ. ಆಟಕ್ಕೆ ಹೋದನಾ?" ಎಂದಳು.

"ಯಾವ ಗುರು?"

"ನಿಮ್ಮ ಮೊಮ್ಮಗ, ಆಂಟಿ."

ತುಂಗಾ ಉಂಡೆಯ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. "ತಂಗಿ, ನಮ್ಮ ಮಗಗ ಇನ್ನೂ ಕನ್ಯಾ ಹುಡುಕಾಕತ್ತೀವಿ."

ಏನು ಹೇಳಿದರೂ ತಪ್ಪಾಗುವ ಹೊತ್ತು ಅದು. ಚಾರುಲತಾ ತನ್ನ ಕೈರಿ ಫೋನು ತೆಗೆದು ಅಂಗಳ ತೋರಿಸಿದಳು. ಇದನ್ನು ನಿಮ್ಮವರು ಕೊಂಡಿದ್ದಾರೆ, ಮೊಮ್ಮಗನಿಗೆ ಎಂದರು, ಎಂದಳು. ತುಂಗಾ ಒಂದು ಅಕ್ಷರ ಒತ್ತಿದರು. ಬಾತುಕೋಳಿ ಕ್ವಾಕ್ ಎಂದಿತು. ತುಂಗಾ ಸೆರಗು ಬಾಯಿಗೆ ಹಿಡಿದುಕೊಂಡರು. ನಗುವೋ ಅಳುವೋ ತಿಳಿಯದೆ ಚಾರುಲತಾ ಗಾಬರಿಯಾದಳು. ನಗುವೇ ಆಗಿತ್ತು.

"ಇದs ನೋಡ್ರಿ. ಮುಂಜಾನೆದ್ದು ಬಚ್ಚಲಮನ್ಯಾಗ ಬಾತುಕೋಳಿ ಒದರತಿತ್ತು. ನಳದಾಗ ಗಾಳಿ ಹೊಕ್ಕೈತಿ ಅಂತ ಪ್ಲಂಬರ್‌ನ ಕರಿಸಿದ್ವಿ. ಅವ ಅರ್ಧಾ ತಾಸು ಪೈಪಿಗೆ ಕಿವಿ ಹಚ್ಚಿ ಕುಂತ. ಇವರು ಬರೋಬರ್ ಅವನ ಬಾಜೂಕ ನಿಂತು, ‘ಹೌದ, ಗಾಳೀನs,’ ಅಂದ್ರು."

ನಕ್ಕು ಮುಗಿದ ಮೇಲೆ ಅವರು ಫೋನನ್ನು ಮರಳಿ ಕೊಟ್ಟರು. ದನಿ ಬೇರೆಯಾಗಿತ್ತು.

"ಅವರ ಅಪ್ಪ ಸೊಲ್ಲಾಪುರದಾಗ ಮಿಲ್ಲಿನ್ಯಾಗ ಇದ್ದವರು. ಶಾಲಿ ಎಲ್ಲಾ ಮರಾಠಿ. ಮನ್ಯಾಗ ಕನ್ನಡ ಮಾತಾಡಿದ್ರು, ಬರಿಯೂದು ಯಾರೂ ಕಲಿಸಲಿಲ್ಲ. ಲಗ್ನ ಆದ ಹೊಸದಾಗ ನನಗ ಗೊತ್ತಾತು. ಯಾರದರ ಲಗ್ನಪತ್ರಿಕೆ ಬಂದ್ರ ನನ್ನ ಕೈಯಾಗ ಕೊಟ್ಟು, ‘ಯಾರದು ನೋಡು,’ ಅಂತಾರ. ನಾ ದೊಡ್ಡ ದನಿಲೆ ಓದತೀನಿ. ಅವರ ಸಲುವಾಗಿ ಓದಿದಂಗ ಆಗಬಾರದು, ನನಗs ದೊಡ್ಡದಾಗಿ ಓದೂ ಚಟ ಐತಿ ಅನ್ನಿಸಬೇಕು. ಮೂವತ್ತು ವರ್ಷದಿಂದ ಆ ಚಟ ಇಟಗೊಂಡೀನಿ."

"ನಿಮಗೆ ಗೊತ್ತಿರೋದು ಅವರಿಗೆ..."

"ಗೊತ್ತಿಲ್ಲ. ಹೇಳಬ್ಯಾಡ್ರಿ ತಂಗಿ. ಗಂಡಸರಿಗೆ ಒಂದರ ಗುಟ್ಟು ಇರಬೇಕು ಬದುಕಾಕ."

ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ತುಂಗಾ ಚಿತ್ರದ ಪುಸ್ತಕವನ್ನು ದಿಂಬಿನ ಕೆಳಗೆ ತುರುಕಿ ಚಹಾಕ್ಕೆ ಒಳಗೆ ಹೋದರು. ಹೊನ್ನಪ್ಪನವರು ಹೂಕೋಸಿನ ಚೀಲ ಹಿಡಿದು ಬಂದು, ಕುರ್ಚಿಯಲ್ಲಿ ಚಾರುಲತಾಳನ್ನು ಕಂಡು, ಹೊಸ್ತಿಲಲ್ಲೇ ನಿಂತರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಎಷ್ಟೋ ಸಾಲಗಾರರ ಮುಖ ಇಳಿಸಿದ ಮನುಷ್ಯನ ಮುಖ ತಾನೇ ಇಳಿಯಿತು.

"ಸಂಘದ ರಾಜ್ಯೋತ್ಸವದ ಬಗ್ಗೆ ಕೇಳೋಣ ಅಂತ ಬಂದೆ ಸರ್," ಎಂದಳು ಚಾರುಲತಾ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಅವರು ಉಸಿರು ಬಿಟ್ಟರು. ಚಹಾ ಕುಡಿಯುವಷ್ಟು ಹೊತ್ತೂ ರಾಜ್ಯೋತ್ಸವದ ಊಟಕ್ಕೆ ಯಾವ ಪಲ್ಯ ಎಂಬುದು ಚರ್ಚೆಯಾಯಿತು. ಅವಳು ಹೊರಟಾಗ, ಆಟೋ ತನಕ ಬರುತ್ತೇನೆಂದು ಹೊನ್ನಪ್ಪನವರೂ ಇಳಿದರು.

ಓಣಿಯ ಬೇವಿನ ಗಿಡದ ಕೆಳಗೆ ಅವಳು ನಿಂತು ಹೊಸ ಶುಲ್ಕದ ಸಂಗತಿ ಹೇಳಿ, ಹಣದ ಲಕೋಟೆ ಚಾಚಿದಳು. ಅವರು ಅದನ್ನು ನೋಡಲೂ ಇಲ್ಲ.

"ಕೊಂಡವರಿಗೆ ಜೀವನಪೂರ್ತಿ ಅಂತ ಬರದೀರಿ. ಯಾರ ಜೀವನ? ನಂದೋ, ಫೋನಿಂದೋ?"

"ಸರ್, ಒಬ್ಬರಿಗೋಸ್ಕರ..."

"ಮನಿ ಮಾರಿದ ಮ್ಯಾಲೆ ಬಿಲ್ಡರ್ ಬಂದು ಮೆಟ್ಟಲಾ ತಗೊಂಡ ಹ್ವಾದಂಗಾತು. ಅರ್ಧಾ ಹತ್ತೀನಿ, ಈಗ ಎಲ್ಲಿ ಇಳೀಲಿ?" ಎಂದವರು, ತಮ್ಮ ಮಾತನ್ನು ತಾವೇ ಕೇಳಿಸಿಕೊಂಡು ರಸ್ತೆಯ ಕಡೆ ತಿರುಗಿದರು. ಒಂದು ಆಟೋ ನಿಂತು, ಇವರು ಏರುವವರಲ್ಲವೆಂದು ತಿಳಿದು ಹೋಯಿತು.

"ಗುರು ಇಲ್ಲ," ಎಂದರು ಹೊನ್ನಪ್ಪನವರು.

ಚಾರುಲತಾ ಆಗಲೇ ತಿಳಿದವಳಂತೆ ತೋರಿಸಿಕೊಳ್ಳದೆ, ಅವರ ಅಂಗಿಯ ಗುಂಡಿಯನ್ನು ನೋಡುತ್ತ ನಿಂತಳು. ಅವರು ಹೇಳಿದರು. ಪ್ರತಿವರ್ಷ ಅಧ್ಯಕ್ಷ ಭಾಷಣವನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಕೇಳುವವರಿಗೆ ಕನ್ನಡವೇ ಕೇಳಿಸುತ್ತಿತ್ತು, ಯಾರಿಗೂ ಸಂಶಯ ಬಂದಿರಲಿಲ್ಲ. ಕಳೆದ ರಾಜ್ಯೋತ್ಸವಕ್ಕೆ ಧಾರವಾಡದಿಂದ ಬಂದ ಅತಿಥಿಗೆ ಸನ್ಮಾನ ಮಾಡುವಾಗ, ಯಾರೋ ಸನ್ಮಾನಪತ್ರವನ್ನು ಇವರ ಕೈಗೇ ಕೊಟ್ಟು ಓದಿ ಎಂದುಬಿಟ್ಟರು.

"ಕನ್ನಡಕ ಮರತ ಬಂದೀನಿ ಅಂದೆ. ಕನ್ನಡಕ ಮೂಗಿನ ಮ್ಯಾಲೇ ಇತ್ತು. ಆ ಹಿರ್ಯಾ ಮನಷ್ಯಾ ನೋಡಿದರು. ನೋಡಿ, ‘ಕೊಡ್ರಿ, ನಾನs ಓದಕೋತೀನಿ,’ ಅಂತ ತಮ್ಮ ಹೊಗಳಿಕಿ ತಾವs ಓದಕೊಂಡ್ರು. ಮಂದಿ ಅವರಿಗೆ ಸೊಕ್ಕು ಅಂತ ಮಾತಾಡಿಕೊಂಡ್ರು. ನನ್ನ ಸಲುವಾಗಿ ಅನ್ನಿಸಿಕೊಂಡ್ರು ಅವರು."

"ಬೇರೆ ಫೋನಲ್ಲಿ ಇಂಥವು ಬೇಕಾದಷ್ಟಿವೆಯಲ್ಲ ಸರ್."

"ಅವು ಇಂಗ್ಲಿಷಿನಿಂದ ಕಲಸತಾವ, ನಿಮ್ಮದು ಮರಾಠಿಯಿಂದ. ಮತ್ತ ನನ್ನ ಹಳೇ ಫೋನ ಮನಿಮಂದೆಲ್ಲಾ ತಗೀತಾರ. ಮಗ ಹಾಡ ಕೇಳಾಕ ತಗೀತಾನ, ಇಕಿ ಲೈಟ್ ಬಿಲ್ ತುಂಬಾಕ ತಗೀತಾಳ. ನಿಮ್ಮ ಯುಗಾದಿ ಮಾತು ಕೇಳಿ ಈ ಕೈರಿ ತಗೊಂಡೆ. ಇದನ್ನ ಯಾರೂ ಮುಟ್ಟೂದಿಲ್ಲ. ಏನೂ ಇಲ್ಲಲ್ಲ ಅದರಾಗ."

ಒಂದು ಆಪ್‌ಗಾಗಿ ಒಂದು ಫೋನು ಕೊಂಡ ಮನುಷ್ಯ ಭೂಮಂಡಲದಲ್ಲಿ ಇನ್ನೊಬ್ಬನಿರಲಾರ ಎನ್ನಿಸಿತು ಚಾರುಲತಾಳಿಗೆ. ಲಕೋಟೆಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು.

"ಈ ಸಲ ಭಾಷಣ ಕನ್ನಡದಾಗ ಬರದು ಓದಬೇಕು ಅಂತ ಮಾಡೀನಿ. ಒತ್ತು ಬರಲಾರದ ಮಾತು ಅಷ್ಟs ಹಾಕಿ ಬರದ್ರ ಆತು ಅಂದುಕೊಂಡೆ. ಕುಂತು ನೋಡಿದ್ರ, ಕನ್ನಡ ಅನ್ನಾಕs ಒತ್ತು ಬೇಕು. ಭಾಷಾದ ಹೆಸರಿನ್ಯಾಗs ಒತ್ತು ಇಟ್ಟಾರ. ನನ್ನ ಹೆಸರಿನ್ಯಾಗಂತೂ ಎರಡು."

"ರಾಜ್ಯೋತ್ಸವದಲ್ಲೂ ಎರಡು ಇವೆ ಸರ್," ಎಂದಳು ಅವಳು, ನಗದಂತೆ ಜಾಗ್ರತೆ ವಹಿಸಿ.

"ನೋಡ್ರಿ ಮತ್ತ."

ಚಾರುಲತಾ ಮನೆಗೆ ಬಂದು ಶುಲ್ಕ ಕಟ್ಟಿದಳು. ಪ್ರೀತಮ್ ಹುಬ್ಬೇರಿಸಿದ. ಗುರುವಿಗೆ ಒತ್ತಕ್ಷರ ಬೇಕಂತೆ, ಎಂದಳು. ತನ್ನ ಗಂಡನಿಗೂ ಹೇಳದ ಗುಟ್ಟೊಂದು ಅವಳಿಗೆ ಹೀಗೆ ಪುಕ್ಕಟೆಯಾಗಿ ದಕ್ಕಿತು.

ನವರಾತ್ರಿ, ದೀಪಾವಳಿಗಳ ನಡುವೆ ಅವಳು ಒತ್ತಕ್ಷರದ ಪಾಠಗಳನ್ನು ಬರೆದಳು. ಮಕ್ಕಳ ಆಪ್ ಎಂಬ ನೆಪ ಬಿಟ್ಟು, ಅಧ್ಯಕ್ಷರಿಗೆ ಬೇಕಾಗುವ ಮಾತುಗಳನ್ನೇ ಆರಿಸಿದಳು: ಅಧ್ಯಕ್ಷ, ಕಾರ್ಯಕ್ರಮ, ಹೆಮ್ಮೆ, ಎಲ್ಲರಿಗೂ. ಹೊನ್ನಪ್ಪನವರು ಊಟದ ಬಿಡುವಿನಲ್ಲಿ ಬ್ಯಾಂಕಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿ, ಸಂಜೆ ಫೋನು ಮಾಡಿ ವರದಿ ಕೊಡುತ್ತಿದ್ದರು. ‘ಕೃತಜ್ಞತೆ’ ಬಂದ ದಿನ ಮಾತ್ರ ಫೋನು ಬರಲಿಲ್ಲ. ಮರುದಿನ ಬಂತು. "ಅದನ್ನ ಬಿಡೂಣ್ರಿ. ‘ಉಪಕಾರ’ ಅಂದ್ರ ನಡೀತೈತಿ," ಎಂದರು. ಒಂದು ಸಲ ತುಂಗಾ ಅವರೂ ಫೋನು ಮಾಡಿದರು. ಇವರು ಇತ್ತೀಚೆಗೆ ಹಳೇ ಲಗ್ನಪತ್ರಿಕೆಗಳನ್ನೆಲ್ಲ ಕಪಾಟಿನಿಂದ ತೆಗೆದು ನೋಡುತ್ತಾರೆ, ಆ ಮದುಮಕ್ಕಳ ಮಕ್ಕಳೇ ಕಾಲೇಜಿಗೆ ಹೋಗುತ್ತಿದ್ದಾರೆ, ಎಂದು ನಕ್ಕರು.

ರಾಜ್ಯೋತ್ಸವ ನವೆಂಬರಿನ ಕೊನೆಯ ಭಾನುವಾರ ಬಜಾಜ್ ನಗರದ ಸಭಾಂಗಣದಲ್ಲಿ ನಡೆಯಿತು. ಸಂಘದ ರಾಜ್ಯೋತ್ಸವ ಒಂದನೇ ತಾರೀಖು ನಡೆದ ದಾಖಲೆಯಿಲ್ಲ. ಎಲ್ಲರಿಗೂ ರಜೆ ಇರುವ ದಿನವೇ ಕನ್ನಡಿಗರ ಹಬ್ಬ. ನಾಡಗೀತೆಯಾಯಿತು, ಮಕ್ಕಳ ನೃತ್ಯವಾಯಿತು. ನಂದೀಶ ಮೈಕು ಹಿಡಿದು ಅಧ್ಯಕ್ಷರನ್ನು ಕರೆದ. ಸಭೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿತು. ಅಧ್ಯಕ್ಷ ಭಾಷಣವೆಂದರೆ ಮುಕ್ಕಾಲು ತಾಸು ಎಂಬುದು ಎಲ್ಲರಿಗೂ ರೂಢಿಯಾಗಿತ್ತು.

ಹೊನ್ನಪ್ಪನವರು ಕನ್ನಡಕವನ್ನು ಒರೆಸಿ, ಹಾಕಿಕೊಂಡು, ಒಂದೇ ಒಂದು ಹಾಳೆ ತೆಗೆದರು. ಚಾರುಲತಾ ಮೂರನೇ ಸಾಲಿನಲ್ಲಿ ಕೂತಿದ್ದಳು.

ಅವರು ನಿಧಾನವಾಗಿ ಓದಿದರು. ಒಂದೊಂದು ಮಾತನ್ನು ಕೈಯಿಂದ ಎತ್ತಿ ನೋಡಿ ಇಡುವವರಂತೆ ಓದಿದರು. "ನಾವು ಎಲ್ಲೇ ಇದ್ದರೂ ಕನ್ನಡ ನಮ್ಮ ಜೊತೆ ಐತಿ," ಎಂಬಲ್ಲಿ ತಲೆಯೆತ್ತಿ ಮೂರನೇ ಸಾಲಿನ ಕಡೆ ಒಮ್ಮೆ ನೋಡಿದರು. ನಡುವೆ ‘ಸಂಸ್ಕೃತಿ’ಗೆ ಬಂದು ನಿಂತರು. ಸಭೆಯಲ್ಲಿ ಯಾರೋ ಕೆಮ್ಮಿದರು. ಹಿಂದಿನ ಸಾಲಿನ ಹೆಂಗಸೊಬ್ಬರು, "ಪಾಪ, ಭಾವುಕರಾದ್ರು," ಎಂದು ಪಕ್ಕದವರಿಗೆ ಹೇಳಿದರು. ಹೊನ್ನಪ್ಪನವರು ಬೆರಳನ್ನು ಹಾಳೆಯ ಮೇಲೆ ಇಟ್ಟು, ‘ಸಂ’ ಎಂದು ಹಿಡಿದು, ‘ಸ್ಕೃ’ ಎಂದು ದಾಟಿ, ‘ತಿ’ ಎಂದು ಆಚೆ ದಡ ಸೇರಿದರು. ತುಂಗಾ ಮೊದಲ ಸಾಲಿನಲ್ಲಿ ಕೂತಿದ್ದರು. ಅವರು ವೇದಿಕೆಯನ್ನು ನೋಡುತ್ತಿರಲಿಲ್ಲ, ತಮ್ಮ ಬಳೆಗಳನ್ನು ನೋಡುತ್ತಿದ್ದರು.

ಭಾಷಣ ಐದು ನಿಮಿಷದಲ್ಲಿ ಮುಗಿಯಿತು. ಸಭೆಗೆ ನಂಬಿಕೆಯಾಗಲಿಲ್ಲ. ನಂಬಿಕೆಯಾದ ಮೇಲೆ ಸಂಘದ ಇತಿಹಾಸದಲ್ಲೇ ಕೇಳಿರದ ಚಪ್ಪಾಳೆ ಬಿತ್ತು. ಊಟ ಬಿಸಿಯಿದ್ದಾಗಲೇ ಸಿಗುವುದೆಂದರೆ ಸಣ್ಣ ಸಂಗತಿಯಲ್ಲ. "ಈ ವರ್ಷ ಅಧ್ಯಕ್ಷರ ಭಾಷಣ ಭಾಳ ಛಲೋ ಆತು," ಎಂದು ಕೈ ತೊಳೆಯುವಲ್ಲಿ ಮಾತು. ಅವರು ಓದಿದ್ದು ಏನೆಂದು ಯಾರೂ ಹೇಳಲಿಲ್ಲ. ಹೇಗೆ ಓದಿದರೆಂಬುದು ಯಾರಿಗೂ ತಿಳಿಯಲಿಲ್ಲ. ಬದುಕಿನಲ್ಲಿ ಮಾಡಿದ ದೊಡ್ಡ ಸಾಹಸವೊಂದು ನೂರೈವತ್ತು ಜನರ ಕಣ್ಣೆದುರೇ ನಡೆದು, ಒಬ್ಬರಿಗೂ ಕಾಣದೆ ಮುಗಿಯಿತು. ಹೊನ್ನಪ್ಪನವರಿಗೆ ಅದರ ಬೇಸರವಿದ್ದಂತಿರಲಿಲ್ಲ. ಎರಡು ಸಲ ಜಿಲೇಬಿ ಹಾಕಿಸಿಕೊಂಡು, ತುಂಗಾ ಕಣ್ಣು ಬಿಟ್ಟರೂ ಮೂರನೆಯದಕ್ಕೆ ತಟ್ಟೆ ಚಾಚಿದರು.

ಚಾರುಲತಾ ತಟ್ಟೆ ಹಿಡಿದು ಅನ್ನದ ಸಾಲಿನಲ್ಲಿ ನಿಂತಿದ್ದಾಗ ನಂದೀಶ ಬಂದು ಪಕ್ಕದಲ್ಲಿ ನಿಂತ. ನಗೆಮೊಗ ಇರಲಿಲ್ಲ. ಸುತ್ತ ನೋಡಿ, ಸಾರಿನ ಪಾತ್ರೆಯನ್ನು ನೋಡುತ್ತಿರುವವನಂತೆ ಮಾತಾಡಿದ.

"ಮೇಡಂ, ನಾ ಪ್ರತಿವರ್ಷ ಅವರ ಬಾಜೂಕ ಕೂಡತೀನಿ. ಅವರ ಹಾಳಿ ನನಗ ಕಾಣತೈತಿ. ಪ್ರತಿವರ್ಷ ಮರಾಠಿ ಇರತಿತ್ತು. ಅವರೂ ನಮ್ಮಂಗs ಅಂತ ಒಂದ ಸಮಾಧಾನ ಇತ್ತು."

ಚಾರುಲತಾ ಅವನನ್ನು ನೋಡಿದಳು. ಸಂಘದ ಆಮಂತ್ರಣ, ಸದಸ್ಯರ ಪಟ್ಟಿ, ಎಲ್ಲವೂ ಇವನ ಕೈಕೆಳಗೆ ಆಗುತ್ತಿದ್ದವು.

"ಎಲ್ಲಾ ನನ್ನ ಹೆಂಡತಿ ಬರದ ಕೊಡತಾಳ. ನಾ ಹುಟ್ಟಿದ್ದು ಬೆಳದದ್ದು ಇಲ್ಲೇ ನಾಗಪುರ," ಎಂದ ನಂದೀಶ. "ಇವತ್ತ ಹಾಳಿ ಕನ್ನಡದಾಗ ಇತ್ತು. ಹೆಂಗ ಕಲತ್ರಿ ಅಂತ ಈಗ ಕೇಳಿದೆ. ಅವರು ನಿಮ್ಮ ಕಡೆ ಕೈ ಮಾಡಿ ತೋರಿಸಿ, ಜಿಲೇಬಿ ಹಾಕಿಸಿಕೊಳ್ಳಾಕ ಹೋದ್ರು."

"ದೊಡ್ಡ ಫೋನುಗಳಿಗೂ ಮಾಡೋಣ ಅಂತಿದ್ದೀನಿ, ಬೇಸಿಗೆ ಹೊತ್ತಿಗೆ. ನಿಮ್ಮ ಫೋನಲ್ಲೇ ಬರುತ್ತೆ ಆಗ."

"ಬ್ಯಾಡ, ಬ್ಯಾಡ. ನನ್ನ ಫೋನ ಮಕ್ಕಳ ಕೈಯಾಗs ಇರತೈತಿ." ಅವನು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಬಂದ. "ಆ ಕೈರಿ ಎಲ್ಲಿ ಸಿಗತೈತ್ರಿ?"

ಅವಳು ಸದರ್‌ನ ಅಂಗಡಿಯ ಹೆಸರು ಹೇಳಿದಳು. ಆಪ್‌ನ ಹೆಸರನ್ನೂ ಹೇಳಿದಳು. ಮೊದಲು ಸ್ವರ, ಅದು ಪುಕ್ಕಟೆ, ಆಮೇಲೆ ಒಂದೇ ಸಲ ಕೊಟ್ಟರೆ ಸಾಕು ಎಂದೂ ತಿಳಿಸಿದಳು. ನಂದೀಶ ಜೇಬಿನಿಂದ ಪೆನ್ನು ತೆಗೆದು, ಕಾರ್ಯಕ್ರಮದ ಆಮಂತ್ರಣದ ಹಿಂಬದಿಗೆ, ಬಲು ಚೆಂದದ ಮರಾಠಿ ಅಕ್ಷರಗಳಲ್ಲಿ ‘ಅಂಗಳ’ ಎಂದು ಬರೆದುಕೊಂಡ.